ಘಟ್ಟ ಹತ್ತುವ ಎಣ್ಣೆ, ಗಡಿ ದಾಟುವ ಅನಿಲ

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲ್ಲೂಕುಗಳ ಕೃಷ್ಣಾ ದಂಡೆಯ ರೈತರಿಗೆ ಪೈಪ್‌ಲೈನ್ ಹೊಸ ಸಂಗತಿಯಲ್ಲ. ಹೊಳೆಯ ಜಾಕ್‌ವೆಲ್‌ನಿಂದ ನೀರೆತ್ತಿ ಕಿಲೋಮೀಟರ್‌ಗಟ್ಟಲೆ ದೂರದ ಕಬ್ಬಿನ ಹೊಲಕ್ಕೆ ಒಯ್ಯುವುದು ಇಲ್ಲಿ ದಿನನಿತ್ಯದ ಕೆಲಸ. ಹೊಲ ಎತ್ತರದಲ್ಲಿದ್ದಷ್ಟೂ ಮೋಟರಿನ ಎಚ್.ಪಿ. ಹೆಚ್ಚಬೇಕು. ಹೊಳೆಯ ಕಡೆಯ ತಗ್ಗಿನಲ್ಲಿ ಹೆಚ್ಚು ಒತ್ತಡ ತಾಳುವ ಪೈಪನ್ನೇ ಹಾಕಬೇಕು. ಕರೆಂಟ್ ಹೋದೊಡನೆ ಪೈಪಿನಲ್ಲಿದ್ದ ನೀರು ಹಿಂದಕ್ಕೆ ಸರಿದು ವಾಲ್ವ್‌ಗೆ ಬಡಿದರೆ ಎಲ್ಲೋ ಒಂದು ಜೋಡಣೆ ಬಾಯಿ ಬಿಡುತ್ತದೆ. ಈ ಮೂರು ಮಾತು ತಿಳಿದವರಿಗೆ ಪರ್ವತ ದಾಟುವ ಕಚ್ಚಾ ತೈಲದ ಕೊಳವೆಯ ವಿಜ್ಞಾನ ಅರ್ಧ ತಿಳಿದಂತೆಯೇ.

ಉಳಿದರ್ಧಕ್ಕೆ ಕಾಸ್ಪಿಯನ್ ಸಮುದ್ರದ ಕಡೆ ನೋಡಬೇಕು. ಅಜರ್‌ಬೈಜಾನಿನ ಬಾಕು ನಗರದ ಬಳಿಯಿಂದ ಹೊರಡುವ ತೈಲ, ಜಾರ್ಜಿಯಾದ ಟಿಬಿಲಿಸಿಯ ಪಕ್ಕದಲ್ಲಿ ಹಾದು, ತುರ್ಕಿಯ ಜೇಹಾನ್ ಬಂದರನ್ನು ಸೇರುತ್ತದೆ. ಮೂರು ದೇಶ, 1,768 ಕಿಲೋಮೀಟರ್. 2006ರಲ್ಲಿ ಈ ಕೊಳವೆಯ ತೈಲ ಮೆಡಿಟರೇನಿಯನ್ ಸಮುದ್ರದ ತೀರ ಮುಟ್ಟಿತು. 2013ರಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಕಂಪನಿಯೂ ಇದರಲ್ಲಿ ಸಣ್ಣ ಪಾಲು ಕೊಂಡಿತು. ಸಾಗುವ ದಾರಿಯಲ್ಲಿ ಈ ಕೊಳವೆ ಸುಮಾರು 2,830 ಮೀಟರ್ ಎತ್ತರಕ್ಕೆ ಏರುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತ ಇದು ಸುಮಾರು 900 ಮೀಟರ್ ಹೆಚ್ಚು.

ಈ ಎತ್ತರದ ಬೆಲೆಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ನೀರನ್ನು 10 ಮೀಟರ್ ಮೇಲಕ್ಕೆತ್ತಲು ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ ಬೇಕು. ಕಚ್ಚಾ ತೈಲ ನೀರಿಗಿಂತ ಸ್ವಲ್ಪ ಹಗುರ. ಅದಕ್ಕೆ ಸುಮಾರು 0.85 ಕೆ.ಜಿ. ಸಾಕು. ಹಾಗಿದ್ದರೂ 2,830 ಮೀಟರ್ ಎತ್ತರಕ್ಕೆ 240 ಕೆ.ಜಿ. ಆಗುತ್ತದೆ. ಗೋಡೆಗೆ ಉಜ್ಜಿಕೊಂಡು ಹರಿಯುವಾಗ ಕಳೆದುಹೋಗುವ ಒತ್ತಡ ಇದರ ಮೇಲೆ ಬೇರೆ. ಅಷ್ಟೂ ಭಾರವನ್ನು ಬುಡದಲ್ಲಿರುವ ಒಂದೇ ಪಂಪಿನ ಮೇಲೆ ಹೊರಿಸಿದರೆ ಅಲ್ಲಿನ ಉಕ್ಕು ಅದನ್ನು ತಾಳುವಷ್ಟು ದಪ್ಪವಿರಬೇಕಾಗುತ್ತದೆ. ಆದ್ದರಿಂದ ದಾರಿಯುದ್ದಕ್ಕೂ ಎಂಟು ಪಂಪಿಂಗ್ ಸ್ಟೇಷನ್‌ಗಳಿವೆ. ಒಂದೊಂದೂ ತನ್ನ ಪಾಲಿನ ಏರನ್ನು ಹತ್ತಿಸಿ ತೈಲವನ್ನು ಮುಂದಿನದಕ್ಕೆ ಒಪ್ಪಿಸುತ್ತದೆ.

ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ತೊಡಕಿನದು. ನೆತ್ತಿ ದಾಟಿದ ತೈಲ ತನ್ನ ಭಾರಕ್ಕೇ ವೇಗವಾಗಿ ಓಡತೊಡಗುತ್ತದೆ. ಆಗ ನೆತ್ತಿಯ ಬಳಿ ಕೊಳವೆ ಪೂರ್ತಿ ತುಂಬದೆ, ಖಾಲಿ ಜಾಗದಲ್ಲಿ ತೈಲದ ಆವಿ ಕೂಡಿಕೊಳ್ಳುತ್ತದೆ. ಮುರಿದ ಪ್ರವಾಹ ಮತ್ತೆ ಕೂಡುವಾಗ ಜೋರಾದ ಪೆಟ್ಟು ಬೀಳುತ್ತದೆ. ಕೆಳಗಿನ ತುದಿಯಲ್ಲಿ ಒತ್ತಡವೂ ಏರುತ್ತದೆ. ಜೇಹಾನ್ ಕಡೆಗಿನ ಕೊನೆಯ ಇಳಿಜಾರಿನಲ್ಲಿ ಎಂಜಿನಿಯರರು ಇದಕ್ಕೊಂದು ಚೆಂದದ ಉಪಾಯ ಹೂಡಿದರು. ಅದಕ್ಕೆ ಮೊದಲು ತುರ್ಕಿಯಲ್ಲಿ 42 ಇಂಚು ಇದ್ದ ಕೊಳವೆಯನ್ನು 34 ಇಂಚಿಗೆ ಇಳಿಸಿದರು. ಕಿರಿದಾದ ದಾರಿಯಲ್ಲಿ ಘರ್ಷಣೆ ಹೆಚ್ಚಿ, ಇಳಿಜಾರು ಕೊಟ್ಟ ಒತ್ತಡವನ್ನು ಅದೇ ತಿಂದುಹಾಕುತ್ತದೆ.

ವಾಲ್ವ್ ಮುಚ್ಚುವುದರಲ್ಲೂ ಲೆಕ್ಕವಿದೆ. ಸೆಕೆಂಡಿಗೆ ಎರಡು ಮೀಟರ್ ವೇಗದ ತೈಲವನ್ನು ಥಟ್ಟನೆ ತಡೆದರೆ, ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಓಡುವ ಒತ್ತಡದ ಅಲೆ ಹುಟ್ಟಿ ಸುಮಾರು 17 ಕೆ.ಜಿ. ಹೆಚ್ಚುವರಿ ಒತ್ತಡ ಹೇರುತ್ತದೆ. ಹಾಗಾಗಿ ದೊಡ್ಡ ಕೊಳವೆಗಳ ವಾಲ್ವ್‌ಗಳನ್ನು ನಿಧಾನವಾಗಿ ಮುಚ್ಚುತ್ತಾರೆ.

ಕರ್ನಾಟಕಕ್ಕೆ ಕಚ್ಚಾ ತೈಲ ಬರುವುದು ಹಡಗಿನಲ್ಲಿ, ಮಂಗಳೂರಿಗೆ. ಅಲ್ಲಿ ಶುದ್ಧವಾದ ಪೆಟ್ರೋಲ್, ಡೀಸೆಲ್‌ಗಳು 2003ರಿಂದ ಪಶ್ಚಿಮ ಘಟ್ಟ ಹತ್ತಿ, ಹಾಸನದ ಮೂಲಕ ಬೆಂಗಳೂರಿನ ಬಳಿಯ ದೇವನಗೊಂದಿಗೆ ಸುಮಾರು 362 ಕಿಲೋಮೀಟರ್ ಕೊಳವೆಯಲ್ಲೇ ಸಾಗುತ್ತಿವೆ. ನಮ್ಮ ಗಡಿ ಭಾಗದ ಪಾಲಿಗೆ ಬಂದದ್ದು ಇನ್ನೊಂದು ಕೊಳವೆ: ಗೇಲ್ ಸಂಸ್ಥೆಯ ದಾಭೋಳ–ಬೆಂಗಳೂರು ನೈಸರ್ಗಿಕ ಅನಿಲದ ಮಾರ್ಗ. ಇದು ಶುರುವಾದದ್ದು 2013ರಲ್ಲಿ. ಉದ್ದ ಸುಮಾರು 1,000 ಕಿಲೋಮೀಟರ್. ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿದು, 600ರಲ್ಲಿ ಒಂದು ಪಾಲಿಗೆ ಕುಗ್ಗಿ ದ್ರವವಾದ ಅನಿಲ, ರತ್ನಾಗಿರಿ ಜಿಲ್ಲೆಯ ದಾಭೋಳಕ್ಕೆ ಹಡಗಿನಲ್ಲಿ ಬಂದಿಳಿಯುತ್ತದೆ. ಮತ್ತೆ ಅನಿಲವಾಗಿ ಸಹ್ಯಾದ್ರಿ ಹತ್ತಿ, ಕೊಲ್ಹಾಪುರ ಜಿಲ್ಲೆ ದಾಟಿ ಬೆಳಗಾವಿ ಜಿಲ್ಲೆಗೆ ಕಾಲಿಡುತ್ತದೆ. ಗೋಕಾಕದಲ್ಲಿ ಗೋವಾ ಕಡೆಗೊಂದು ಕವಲು ಒಡೆದು, ಮುಖ್ಯ ಕೊಳವೆ ಬೆಂಗಳೂರಿನತ್ತ ಮುಂದುವರಿಯುತ್ತದೆ.

ಕೊಂಕಣದ ಕಡಲಂಚಿನಿಂದ ನಮ್ಮ ಬಯಲಿಗೆ ಸುಮಾರು 600 ಮೀಟರ್ ಏರು. ತೈಲಕ್ಕಾದರೆ ಈ ಏರಿಗೆ 51 ಕೆ.ಜಿ. ಒತ್ತಡ ತೆರಬೇಕಿತ್ತು. 90 ಕೆ.ಜಿ. ಒತ್ತಡದಲ್ಲಿ ಅದುಮಿದ ಅನಿಲಕ್ಕೆ ನಾಲ್ಕೈದು ಕೆ.ಜಿ. ಸಾಕು, ಏಕೆಂದರೆ ಅಷ್ಟು ಅದುಮಿದರೂ ಅದರ ತೂಕ ತೈಲದ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಆದರೆ ಅದುಮಿದ ಅನಿಲ ಹಿಗ್ಗಲು ಕಾದಿರುತ್ತದೆ. ತೈಲದ ಕೊಳವೆ ಬಿರುಕು ಬಿಟ್ಟರೆ ಒತ್ತಡ ಬೇಗ ಇಳಿಯುತ್ತದೆ. ಅನಿಲದ ಕೊಳವೆ ಒಡೆದರೆ ಒಳಗಿನದು ಬಹಳ ಹೊತ್ತು ನುಗ್ಗುತ್ತಲೇ ಇರುತ್ತದೆ. ಬೆಟ್ಟದಲ್ಲಿ ಸುಲಭವಾದದ್ದು ಬಯಲಿನಲ್ಲಿ ಹೆಚ್ಚು ಎಚ್ಚರ ಬೇಡುತ್ತದೆ.

ಬಯಲಿನಲ್ಲಿ ಕೊಳವೆಯ ಶತ್ರು ಮಣ್ಣು. ನಮ್ಮ ಭಾಗದ ಎರೆಮಣ್ಣು ನೀರನ್ನೂ ಲವಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ವಿದ್ಯುತ್ತು ಅದರಲ್ಲಿ ಸಲೀಸಾಗಿ ಹರಿಯುತ್ತದೆ. ಇಂಥ ನೆಲದಲ್ಲಿ ಉಕ್ಕಿನ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡು ಕರಗಿ ತುಕ್ಕಾಗುತ್ತದೆ. ತಡೆಯಲು ಮೊದಲು ಪ್ಲಾಸ್ಟಿಕ್ ಲೇಪನ. ಲೇಪನ ಎಲ್ಲಾದರೂ ತರಚಿದರೆ ಎಂಬ ಭಯಕ್ಕೆ ಎರಡನೆಯ ಕಾವಲು: ಸಣ್ಣ ನೇರ ವಿದ್ಯುತ್ತನ್ನು ಸದಾ ಹರಿಸಿ ಕೊಳವೆಯನ್ನು ಮಣ್ಣಿಗೆ ಹೋಲಿಸಿದರೆ ಋಣ ಧ್ರುವವಾಗಿ ಇಡುತ್ತಾರೆ. ಅಳತೆಯ ತಾಮ್ರದ ವಿದ್ಯುದ್ವಾರಕ್ಕೆ ಎದುರಾಗಿ ಮೈನಸ್ 0.85 ವೋಲ್ಟ್‌ಗಿಂತ ಕೆಳಗಿದ್ದರೆ ಉಕ್ಕು ಕ್ಷೇಮ. ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ನೆಟ್ಟಿರುವ ಪರೀಕ್ಷಾ ಕಂಬಗಳಲ್ಲಿ ಅಳೆಯುವುದು ಇದನ್ನೇ.

ಒಳಗಿನ ತುಕ್ಕು ಇನ್ನೂ ಮೋಸದ್ದು. 2014ರ ಜೂನ್ 27ರಂದು ಆಂಧ್ರದಲ್ಲಿ ಆಗ ಪೂರ್ವ ಗೋದಾವರಿ ಜಿಲ್ಲೆಗೆ ಸೇರಿದ್ದ ನಗರಂ ಗ್ರಾಮದಲ್ಲಿ ಅನಿಲದ ಕೊಳವೆ ಸ್ಫೋಟಿಸಿ 20ಕ್ಕೂ ಹೆಚ್ಚು ಜನ ಸತ್ತರು. ಒಣ ಅನಿಲಕ್ಕೆಂದು ಇದ್ದ ಕೊಳವೆಯಲ್ಲಿ ತೇವದ ಅನಿಲ ಹರಿದು ಉಕ್ಕು ಒಳಗಿನಿಂದ ಸವೆದಿತ್ತು. ಕೊಳವೆಯೊಳಗೆ ಕಳಿಸುವ ಪಿಗ್ ಎಂಬ ಉಪಕರಣ ಉಕ್ಕನ್ನು ಕಾಂತವಾಗಿಸಿ, ಸವೆದ ಜಾಗದಲ್ಲಿ ಸೋರುವ ಕಾಂತಕ್ಷೇತ್ರವನ್ನು ಗುರುತಿಸಬಲ್ಲದು. ಇಂಥ ತಪಾಸಣೆಗೆ ಖರ್ಚು ಮಾಡದೆ ಉಳಿಸುವ ಹಣ ಮನುಷ್ಯರ ಜೀವಕ್ಕೆ ಎರವಾಗುತ್ತದೆ.

ಕೊಳವೆಯ ಮೇಲಿನ ಹೊಲ ರೈತನದೇ. ಇಂಥ ಕೊಳವೆಗಳಿಗಾಗಿ ಇರುವ 1962ರ ಕಾಯ್ದೆ ಭೂಮಿಯನ್ನು ಕಸಿಯುವುದಿಲ್ಲ, ಅದರಡಿಯ ಬಳಕೆಯ ಹಕ್ಕನ್ನಷ್ಟೇ ಪಡೆಯುತ್ತದೆ. ಅದಕ್ಕೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ 10, ಜೊತೆಗೆ ಆದ ಹಾನಿಗೆ ಪರಿಹಾರ ಕೊಡಬೇಕು. ಹೊಲದ ಬೆಳೆ ಎಂದಿನಂತೆ ಬೆಳೆಯಬಹುದು. ಆದರೆ ಕೊಳವೆ ಹಾದುಹೋದ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಕಾರಣ ಸ್ಪಷ್ಟ: ಬೇರು ಲೇಪನ ಸೀಳುತ್ತದೆ, ಜೆಸಿಬಿಯ ಹಲ್ಲು ಉಕ್ಕನ್ನೇ ಗೀರುತ್ತದೆ. ಹಸಿರು ಬೆಳೆಯ ನಡುವೆ ಕಾರಣವಿಲ್ಲದೆ ಒಣಗಿದ ತುಂಡು, ನಿಂತ ನೀರಿನಲ್ಲಿ ಏಳುವ ಗುಳ್ಳೆ ಕಂಡರೆ, ನೆಲದಿಂದ ಬುಸುಗುಟ್ಟುವ ಸದ್ದು ಕೇಳಿದರೆ ದೂರ ಸರಿದು, ಗುರುತು ಫಲಕದ ನಂಬರಿಗೆ ಫೋನ್ ಮಾಡಬೇಕು. ಬೆಂಕಿ ಕಡ್ಡಿ ಗೀರಲೇಬಾರದು, ಮೋಟರಿನ ಸ್ವಿಚ್ ಮುಟ್ಟಬಾರದು.

ಉಕ್ಕಿನ ಕೊಳವೆ ದಶಕಗಟ್ಟಲೆ ಬಾಳುತ್ತದೆ. ಅಷ್ಟರಲ್ಲಿ ಹೊಲ ಪಾಲಾಗುತ್ತದೆ, ಮಾರಾಟವಾಗುತ್ತದೆ. ಪರಿಹಾರದ ಕಾಗದಕ್ಕೆ ಸಹಿ ಹಾಕಿದವರು ಇರುವುದಿಲ್ಲ. ಹಾಗಾಗಿ ಒಂದು ಸಲ ಚೆಕ್ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಪ್ರತಿ ವರ್ಷ ಗ್ರಾಮಸಭೆಯಲ್ಲಿ ನಕ್ಷೆ ಹರಡಿ, ಯಾವ ಸರ್ವೆ ನಂಬರಿನಡಿ ಏನಿದೆ ಎಂದು ಕನ್ನಡದಲ್ಲಿ, ಮರಾಠಿಯಲ್ಲಿ ಹೇಳುವ ಹೊಣೆ ಕಂಪನಿಯದು, ಅದನ್ನು ಕೇಳಿ ಪಡೆಯುವ ಹಕ್ಕು ಊರಿನದು. ಜೆಸಿಬಿ ಬಾಡಿಗೆಗೆ ಕರೆಯುವ ಹುಡುಗನಿಗೂ ಆ ನಕ್ಷೆ ಗೊತ್ತಿರಬೇಕು.