ನೋಡಿದ ಚಿತ್ರಗಳ ದಿನಚರಿ

ಚಲಚ್ಚಿತ್ರವನ್ನು ನೋಡಿ ಆನಂದಿಸಿದವರಿಗೂ ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ಅದರ ಹೆಸರೇ ಮರೆತುಹೋಗುವುದುಂಟು. ಈ ವಿಸ್ಮೃತಿಗೆ ಪರಿಹಾರವೆಂಬಂತೆ 2011ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ‘ಲೆಟರ್‌ಬಾಕ್ಸ್‌ಡ್’ ಎಂಬ ಜಾಲತಾಣವು ಜನ್ಮತಾಳಿತು. ನೋಡಿದ ದಿನವನ್ನೂ, ಅರ್ಧದಿಂದ ಐದರವರೆಗಿನ ನಕ್ಷತ್ರಗಳನ್ನೂ, ಸ್ವಂತ ಅಭಿಪ್ರಾಯವನ್ನೂ ಅಲ್ಲಿ ಬರೆದಿಡಬಹುದು. ಪುನಃ ನೋಡಿದರೆ ಅದನ್ನೂ ಪ್ರತ್ಯೇಕವಾಗಿ ನಮೂದಿಸಬಹುದು.

ಇದನ್ನು ಬರಿಯ ವಿನೋದವೆಂದು ಉಪೇಕ್ಷಿಸಲಾಗದು. 1934ರಲ್ಲಿ ತೆರೆಕಂಡ ಕನ್ನಡದ ಪ್ರಥಮ ವಾಕ್ಚಿತ್ರವಾದ ‘ಸತಿ ಸುಲೋಚನಾ’ದ ಪ್ರತಿಯೇ ಇಂದು ದೊರೆಯದು. ಅದನ್ನು ಕಂಡ ಪ್ರತಿಯೊಬ್ಬರ ನಾಲ್ಕು ಸಾಲುಗಳಾದರೂ ಉಳಿದಿದ್ದರೆ ನಮಗೆ ಎಂತಹ ನಿಧಿಯಾಗುತ್ತಿದ್ದಿತು!

ಆದರೆ ಜಾಲತಾಣವೂ ಶಾಶ್ವತವಲ್ಲ. ನಮ್ಮ ದಿನಚರಿಯನ್ನು ಕಡತವಾಗಿ ಇಳಿಸಿಕೊಳ್ಳುವ ಸೌಕರ್ಯವು ಅಲ್ಲಿಯೇ ಇರುವುದರಿಂದ, ವರ್ಷಕ್ಕೊಮ್ಮೆಯಾದರೂ ಅದರ ಪ್ರತಿಯೊಂದನ್ನು ಮನೆಯಲ್ಲಿ ಇರಿಸಿಕೊಳ್ಳುವುದು ಲೇಸು.