ಗಾಲಿಕುರ್ಚಿಯ ಇಳಿಜಾರು: ಎಷ್ಟು ಎತ್ತರಕ್ಕೆ ಎಷ್ಟು ಉದ್ದ?

ರಾವೂರ, ವಾಡಿ, ಶಹಾಬಾದ್, ಸೇಡಂ ಸುತ್ತಲಿನ ಮನೆಗಳಲ್ಲಿ ನೆಲಕ್ಕೂ ಮೆಟ್ಟಿಲಿಗೂ ಶಹಾಬಾದ್ ಕಲ್ಲನ್ನೇ ಹಾಸುತ್ತಾರೆ. ಅಂಗಳದಿಂದ ಬಾಗಿಲಿಗೆ ಮೂರು ಮೆಟ್ಟಿಲಿದ್ದರೆ ಎತ್ತರ ಸುಮಾರು 45 ಸೆಂ.ಮೀ. ನಡೆಯಬಲ್ಲವರು ಇದನ್ನು ಗಮನಿಸುವುದೇ ಇಲ್ಲ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಅದು ಗೋಡೆಯೇ ಸರಿ. ಎತ್ತಿ ಇಳಿಸುವವರು ಕೆಲಸಕ್ಕೆ ಹೋದ ದಿನ ಅವರು ಮನೆಯೊಳಗೇ ಉಳಿಯಬೇಕು.

ಮೆಟ್ಟಿಲ ಮೇಲೆ ಆರಡಿ ಉದ್ದದ ಇಳಿಜಾರು ಮಾಡಿದರೆ ಸಾಲದೇ? ಲೆಕ್ಕ ಹಾಕಿ ನೋಡೋಣ. ಕುರ್ಚಿ ಮತ್ತು ವ್ಯಕ್ತಿಯ ಒಟ್ಟು ರಾಶಿ 80 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. 45 ಸೆಂ.ಮೀ. ಏರಿಸಲು ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ ಸುಮಾರು 353 ಜೂಲ್. ಇಳಿಜಾರು ಎಷ್ಟೇ ಉದ್ದವಿರಲಿ, ಇದು ಬದಲಾಗದು. ಬದಲಾಗುವುದು ಬಲ. ಆರಡಿಯ ಇಳಿಜಾರಿನಲ್ಲಿ (1:4) ಸುಮಾರು 190 ನ್ಯೂಟನ್ ಬಲ ಬೇಕು. 1:12ರಲ್ಲಿ 65 ನ್ಯೂಟನ್ ಸಾಕು. ಚಕ್ರಗಳ ಘರ್ಷಣೆಯನ್ನು ಇಲ್ಲಿ ಬಿಟ್ಟಿದ್ದೇವೆ.

ಅಪಾಯ ತಳ್ಳುವವರ ಕಾಲಿನಡಿಯಲ್ಲೂ ಇದೆ. 50 ಕಿ.ಗ್ರಾಂ. ರಾಶಿಯ ವ್ಯಕ್ತಿ ತಳ್ಳುತ್ತಿದ್ದರೆ, ಅವರ ಪಾದ ಜಾರದಿರಲು 1:12ರಲ್ಲಿ ಘರ್ಷಣಾಂಕ ಕನಿಷ್ಠ 0.22 ಇರಬೇಕು, 1:4ರಲ್ಲಾದರೋ 0.65. ಮಳೆಗೆ ನೆನೆದ ನುಣುಪು ಕಲ್ಲಿನಿಂದ ಇಷ್ಟು ಹಿಡಿತ ನಿರೀಕ್ಷಿಸುವಂತಿಲ್ಲ. ಪಾದ ಜಾರಿದರೆ ಕುರ್ಚಿ ಹಿಮ್ಮುಖವಾಗಿ ಅವರ ಮೇಲೆಯೇ ಬರುತ್ತದೆ.

ಆದ್ದರಿಂದಲೇ ಕೇಂದ್ರ ಸರ್ಕಾರದ 2021ರ ಸುಗಮ್ಯತೆಯ ಮಾರ್ಗಸೂಚಿಗಳಲ್ಲಿ 1:12ರ ಇಳಿಜಾರನ್ನು ಹೇಳಲಾಗಿದೆ. 45 ಸೆಂ.ಮೀ. ಎತ್ತರಕ್ಕೆ ಉದ್ದ 5.4 ಮೀಟರ್, ಅಂದರೆ ಸುಮಾರು 18 ಅಡಿ. ಅಂಗಳ ಚಿಕ್ಕದಾದರೆ ಇಳಿಜಾರನ್ನು ಗೋಡೆಯ ಪಕ್ಕಕ್ಕೆ ತಿರುಗಿಸಬಹುದು, ತಿರುವಿನಲ್ಲಿ 1.5 ಮೀಟರ್ ಚೌಕದ ಸಮತಟ್ಟು ಜಾಗವಿರಲಿ. ಬಾಗಿಲ ಮುಂದೆಯೂ ಅಂಥದೇ ಜಾಗ ಬೇಕು. ಬಾಗಿಲು 90 ಸೆಂ.ಮೀ. ಅಗಲ ತೆರೆದುಕೊಳ್ಳಬೇಕು. ಪಾಲಿಶ್ ಮಾಡಿದ ಕಲ್ಲು ಬೇಡ. ಒರಟು ಮೈಯ ಕಲ್ಲು ಹಾಸಿ, ಉಳಿಯಿಂದ ಅಡ್ಡಗೆರೆ ಹೊಡೆಸಿ. ಅಂಚಿನಲ್ಲಿ ಚಿಕ್ಕ ಕಟ್ಟೆಯೂ ಕೈಹಿಡಿಯೂ ಇರಲಿ.

ಖರ್ಚಿಗೆ ಯಾರನ್ನು ಕೇಳಬೇಕು? ಕೇಂದ್ರದ ಅಡಿಪ್ ಯೋಜನೆ ಗಾಲಿಕುರ್ಚಿಯಂಥ ಸಾಧನಗಳಿಗಾಗಿ ಇರುವಂಥದು, ಕಟ್ಟಡದ ಕೆಲಸಕ್ಕಲ್ಲ. ಆದರೆ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇಕಡ 5ನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ಅದರಲ್ಲಿ ನೆರವು ಕೋರಿ ಅರ್ಜಿ ಕೊಡಿ. ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿಗೂ, ವಿಶಿಷ್ಟ ಗುರುತಿನ ಚೀಟಿಗೂ (ಯುಡಿಐಡಿ) ಸಹಾಯ ಮಾಡುತ್ತಾರೆ. ಹೊಸ ಮನೆ ಕೋರುವವರಿಗೆ ಇನ್ನೊಂದು ದಾರಿಯಿದೆ: ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದವರಿಗೆ ಸರ್ಕಾರದ ವಸತಿ ಹಂಚಿಕೆ ಯೋಜನೆಗಳಲ್ಲಿ ಶೇಕಡ 5 ಮೀಸಲಾತಿಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಕೊಟ್ಟಿದೆ.

ಅರ್ಜಿಯಲ್ಲಿ "ಇಳಿಜಾರು ಬೇಕು" ಎಂದಷ್ಟೇ ಬರೆಯಬೇಡಿ. ಮೆಟ್ಟಿಲಿನ ಒಟ್ಟು ಎತ್ತರ ಅಳೆದು, ಹನ್ನೆರಡರಿಂದ ಗುಣಿಸಿ, ಆ ಉದ್ದವನ್ನೂ ಒಂದು ನಕ್ಷೆಯನ್ನೂ ಸೇರಿಸಿ. ಅಳತೆ ಬರೆಯದಿದ್ದರೆ ಇದ್ದ ಜಾಗದಲ್ಲಿ ಆರಡಿಯದನ್ನೇ ಕಟ್ಟಿ ಮುಗಿಸಿಬಿಡಬಹುದು. ಕಟ್ಟಿದ ಮೇಲೂ ಕುರ್ಚಿಯನ್ನು ಇಬ್ಬರು ಹಿಡಿಯಬೇಕಾದರೆ, ಕುಳಿತವರ ಪಾಲಿಗೆ ಏನೂ ಬದಲಾಗಿರುವುದಿಲ್ಲ.