ಘಾಟಿ ಇಳಿಯುವಾಗ ಬ್ರೇಕ್ ಯಾಕೆ ಕೈಕೊಡುತ್ತೆ?

ಇಯರ್‌ಫೋನ್ ಹಾಕ್ಕೊಂಡು ಗಾಡಿ ಓಡಿಸ್ತಾ ಇದನ್ನ ಕೇಳ್ತಿದ್ರೆ, ದಯವಿಟ್ಟು ಮೊದಲು ಸೈಡಿಗೆ ಹಾಕಿ. ಇವತ್ತಿನ ವಿಷಯಾನೇ ಅಂಥದ್ದು.

ಹೋದ ಮಳೆಗಾಲದಲ್ಲಿ ನಾನು, ನನ್ನ ಚಿಕ್ಕಮ್ಮನ ಮಗ, ಇಬ್ಬರೂ ಸ್ಕೂಟರ್‌ನಲ್ಲಿ ಚಾರ್ಮಾಡಿ ಘಾಟಿ ಇಳೀತಿದ್ವಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟಾಗ ಎಲ್ಲ ಸರಿಯಾಗೇ ಇತ್ತು. ಮೊದಲ ತಿರುವಲ್ಲಿ ಹಿಂದಿನ ಬ್ರೇಕ್ ಹಿಡಿದವನು ಆಮೇಲೆ ಬಿಡಲೇ ಇಲ್ಲ. ಅರ್ಧ ಇಳಿದಿರಬಹುದು, ಏನೋ ಸುಟ್ಟ ವಾಸನೆ. ಮುಂದಿನ ತಿರುವಲ್ಲಿ ಲಿವರ್ ಹಿಡಿಕೆಗೆ ತಾಗೋವರೆಗೂ ಒತ್ತಿದೆ, ಗಾಡಿ ನಿಧಾನ ಆಗ್ತಾನೇ ಇಲ್ಲ. ಹಿಂದೆ ಕೂತ ತಮ್ಮ "ಅಣ್ಣಾ, ಬ್ರೇಕ್ ಹಿಡಿಯೋ" ಅಂತಿದಾನೆ. ಹಿಡಿದೇ ಇದೀನಿ ಮಾರಾಯ! ಕೊನೆಗೆ ಮುಂದಿನ ಬ್ರೇಕೂ ಹಿಡಿದು, ಎರಡೂ ಕಾಲು ಉಜ್ಜಿ, ಗುಡ್ಡದ ಕಡೆಯ ಕೆಸರಿಗೆ ಗಾಡಿ ನುಗ್ಗಿಸಿ ನಿಲ್ಲಿಸಿದೆ. ಅರ್ಧ ಗಂಟೆ ಅಲ್ಲೇ ಕೂತ್ವಿ, ಕೈ ನಡುಗ್ತಿತ್ತು. ಆಮೇಲೆ ಒತ್ತಿ ನೋಡಿದ್ರೆ ಬ್ರೇಕ್ ಆರಾಮಾಗಿ ಹಿಡೀತಿದೆ!

ಕೆಳಗೆ ಬಂದು ಮೆಕ್ಯಾನಿಕ್‌ಗೆ ತೋರಿಸಿದ್ರೆ ಅವರು ನಕ್ಕರು. "ಬ್ರೇಕ್ ಕೆಟ್ಟಿಲ್ಲ, ಕಾದಿತ್ತು ಅಷ್ಟೇ" ಅಂದ್ರು. ನಾನು ಬಿ.ಕಾಂ., ಫಿಸಿಕ್ಸ್ ಹತ್ತನೇ ಕ್ಲಾಸಿಗೇ ಬಿಟ್ಟವನು. ಆದ್ರೂ ಆ ಒಂದು ಮಾತು ತಲೆಯಿಂದ ಹೋಗ್ಲಿಲ್ಲ.

ನನಗೆ ಅರ್ಥ ಆಗೋದು ಲೆಕ್ಕದ ಪುಸ್ತಕ, ಹಾಗೇ ನೋಡೋಣ. ಎತ್ತರದಲ್ಲಿ ನಿಂತ ಗಾಡಿ ಅಂದ್ರೆ ಬ್ಯಾಂಕಲ್ಲಿ ಇಟ್ಟ ದುಡ್ಡಿನ ಥರ. ಇಳೀತಾ ಇಳೀತಾ ಗುರುತ್ವ ಅದನ್ನ ಬಿಡಿಸಿ ವೇಗದ ರೂಪದಲ್ಲಿ ನಮ್ಮ ಕೈಗೆ ಕೊಡ್ತಾ ಹೋಗುತ್ತೆ. ನಮಗೆ ಆ ವೇಗ ಬೇಡ, ಹಾಗಾಗಿ ಅಷ್ಟನ್ನೂ ಎಲ್ಲಾದ್ರೂ ಖರ್ಚು ಮಾಡ್ಲೇಬೇಕು. ಖರ್ಚಾಗೋ ದಾರಿ ಘರ್ಷಣೆ. ಬ್ರೇಕ್ ವೇಗವನ್ನ ಮಾಯ ಮಾಡಲ್ಲ, ಉಜ್ಜಿ ಉಜ್ಜಿ ಬಿಸಿ ಮಾಡುತ್ತೆ.

ಎಷ್ಟು ಬಿಸಿ? ಗಾಡಿ, ಇಬ್ಬರು, ಬ್ಯಾಗು ಎಲ್ಲ ಸೇರಿ 240 ಕೆ.ಜಿ., ಇಳಿಯೋ ಎತ್ತರ 400 ಮೀಟರ್ ಅಂತ ಇಟ್ಕೊಳ್ಳಿ. ಲೆಕ್ಕ ಹಾಕಿದ್ರೆ ಸುಮಾರು 9.4 ಲಕ್ಷ ಜೂಲ್. ಜೂಲ್ ಅಂದ್ರೆ ನನಗೂ ಏನೂ ಅನ್ಸಲ್ಲ, ಹಾಗಾಗಿ ನೀರಲ್ಲಿ ಹೇಳ್ತೀನಿ: 3 ಲೀಟರ್ ತಣ್ಣೀರನ್ನ ಕುದಿಸೋಕೆ ಸಾಕಾಗುವಷ್ಟು. ಗಾಳಿ, ಟೈರು, ಎಂಜಿನ್ನು ಸ್ವಲ್ಪ ಪಾಲು ತಗೊಳ್ತವೆ. ಉಳಿದಿದ್ದೆಲ್ಲ ಅಂಗೈ ಅಗಲದ ಬ್ರೇಕಿಗೆ! ಅದರಲ್ಲಿ ತಮ್ಮನ 70 ಕೆ.ಜಿ. ಪಾಲೇ ಹತ್ತಿರಹತ್ತಿರ ಒಂದು ಲೀಟರ್ ಆಗುತ್ತೆ. ಅವನಿಗೆ ಹೇಳಿದೀನಿ.

ನನ್ನದು ಹಿಂದೆ ಡ್ರಮ್ ಬ್ರೇಕ್. ತುಂಬ ಕಾದಾಗ ಡ್ರಮ್ ಹಿಗ್ಗುತ್ತೆ, ಒಳಗಿನ ಶೂ ಅದನ್ನ ಮುಟ್ಟೋಕೆ ಇನ್ನೂ ದೂರ ಚಾಚಬೇಕು. ಲಿವರ್ ಪೂರ್ತಿ ಒಳಗೆ ಹೋಗಿದ್ದು ಅದಕ್ಕೇ. ಶೂ ಮೇಲಿನ ಲೈನಿಂಗ್‌ಗೂ ಅತಿಯಾಗಿ ಕಾದ್ರೆ ಹಿಡಿತ ಕಮ್ಮಿ. ಡಿಸ್ಕ್ ಬ್ರೇಕ್ ಬೇಗ ತಣ್ಣಗಾಗುತ್ತೆ ನಿಜ, ಆದ್ರೆ ಅದರ ಆಯಿಲ್ ವರ್ಷಗಟ್ಟಲೆ ಬದಲಾಯಿಸದೆ ತೇವ ಹೀರಿದ್ರೆ, ಬಿಸಿಗೆ ಬೇಗ ಕುದಿಯುತ್ತೆ. ಆಗ ಲಿವರ್ ಸ್ಪಂಜಿನ ಥರ ಮೆತ್ತಗಾಗುತ್ತೆ.

ಇನ್ನು ಟೈರು. ಗಂಟೆಗೆ 40 ಕಿ.ಮೀ. ವೇಗದಲ್ಲಿ, ಒಣಗಿದ ಸಮತಟ್ಟು ರಸ್ತೆಯಲ್ಲಿ ಒಳ್ಳೆ ಟೈರಿದ್ರೆ ಸುಮಾರು 9 ಮೀಟರ್‌ನಲ್ಲಿ ನಿಲ್ಲಬಹುದು. ರಸ್ತೆ ಒದ್ದೆಯಾದ್ರೆ ಅದು ಹೆಚ್ಚುಕಮ್ಮಿ 16. ಅದೇ ಒದ್ದೆ ರಸ್ತೆ ಪ್ರತಿ 10 ಮೀಟರ್‌ಗೆ 1 ಮೀಟರ್ ಇಳಿಜಾರಾದ್ರೆ 21. ಬ್ರೇಕ್ ಹಿಡಿಯೋಣ ಅಂತ ತಲೆಗೆ ಹೊಳೆದು ಬೆರಳು ಒತ್ತೋಕೆ ಒಂದು ಸೆಕೆಂಡ್ ಹೋದ್ರೂ ಇನ್ನೂ 11 ಮೀಟರ್ ಸೇರಿಸಿ. ವೇಗ ಎರಡು ಪಟ್ಟಾದ್ರೆ ಬ್ರೇಕಿನ ದೂರ ನಾಲ್ಕು ಪಟ್ಟು.

ಒಂದು ತಮಾಷೆ ನೋಡಿ. ಈ ದೂರದ ಲೆಕ್ಕದಲ್ಲಿ ಭಾರ ಬರೋದೇ ಇಲ್ಲ. ಭಾರ ಹೆಚ್ಚಾದಷ್ಟೂ ಗುರುತ್ವ ಟೈರನ್ನ ರಸ್ತೆಗೆ ಜಾಸ್ತಿ ಒತ್ತುತ್ತೆ, ಹಿಡಿತವೂ ಅಷ್ಟೇ ಹೆಚ್ಚುತ್ತೆ. ನಮ್ಮನ್ನ ಕೆಳಗೆ ಎಳೆಯೋದೂ ಗುರುತ್ವ, ಟೈರಿಗೆ ಹಿಡಿತ ಕೊಡೋದೂ ಅದೇ. ಆದ್ರೆ ಬಿಸಿಯ ಲೆಕ್ಕದಲ್ಲಿ ಒಂದೊಂದು ಕೆ.ಜಿ.ಗೂ ಬಿಲ್ ಬೀಳುತ್ತೆ. ಡಬಲ್ಸ್ ಹೋದಾಗ ಬ್ರೇಕ್ ಸೋಲೋದು ಅಲ್ಲಿ.

ಈಗ ನಮ್ಮ ಜನರ ಅಚ್ಚುಮೆಚ್ಚಿನ ಅಭ್ಯಾಸಕ್ಕೆ ಬರೋಣ. ಇಳಿಜಾರು ಬಂತು, ನ್ಯೂಟ್ರಲ್ ಹಾಕು, ಪೆಟ್ರೋಲ್ ಉಳಿಸು! ಗೇರಲ್ಲಿದ್ರೆ ಎಂಜಿನ್ನೇ ಗಾಡಿಯನ್ನ ಹಿಡಿದಿಡುತ್ತೆ. ನ್ಯೂಟ್ರಲ್ ಹಾಕಿದ್ರೆ ಆ ಹೊರೆಯೆಲ್ಲ ಬ್ರೇಕ್ ಮೇಲೆ. ಪೆಟ್ರೋಲಾದ್ರೂ ಉಳಿಯುತ್ತಾ? 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವು ಫ್ಯೂಯಲ್ ಇಂಜೆಕ್ಷನ್. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಗೇರಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಪೆಟ್ರೋಲ್ ನಿಂತೇಹೋಗುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರೀತಾ ಇರಬೇಕಲ್ಲ, ಅದಕ್ಕೆ ಪೆಟ್ರೋಲ್ ಬೇಕು.

ನಮ್ಮಂಥ ಸ್ಕೂಟರ್‌ನವರಿಗೆ ಗೇರಿನ ಭಾಗ್ಯ ಇಲ್ಲ. ತೀರ ನಿಧಾನಕ್ಕೆ ಬಂದ್ರೆ ಕ್ಲಚ್ ತಾನೇ ಬಿಟ್ಕೊಳ್ಳುತ್ತೆ, ಎಂಜಿನ್ ಹಿಡಿಯಲ್ಲ. ಹಾಗಾಗಿ ನಾನೀಗ ಮೇಲಿಂದಲೇ ನಿಧಾನವಾಗಿ ಹೊರಡ್ತೀನಿ, ಬಿಸಿ ಆರೋಕೆ ಟೈಮ್ ಸಿಗಲಿ ಅಂತ. ಎರಡೂ ಬ್ರೇಕ್ ಬಳಸ್ತೀನಿ. ಲಿವರ್ ಸ್ವಲ್ಪ ಮೆತ್ತಗಾಯ್ತು ಅನ್ಸಿದ್ರೂ ಅಗಲ ಜಾಗ ನೋಡಿ ನಿಲ್ಲಿಸಿಬಿಡ್ತೀನಿ. ಕಾದ ಡ್ರಮ್ ಮೇಲೆ ನೀರು ಸುರಿಯೋಕೆ ಮಾತ್ರ ಹೋಗ್ಬೇಡಿ, ತಾನಾಗೇ ಆರಲಿ.

ತಮ್ಮ ಈಗ್ಲೂ ಘಾಟಿ ಅಂದ್ರೆ ಬಸ್ಸಲ್ಲೇ ಬರ್ತೀನಿ ಅಂತಾನೆ. ನಿಮಗೂ ಹೀಗೆ ಬ್ರೇಕ್ ಕೈಕೊಟ್ಟಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ.